ಅಪ್ಪ ಬದುಕಿದರೆ ಮಗಳು ಹಿಂದಕ್ಕೆ ಹೋದದ್ದೇಕೆ? ಕಾಲಯಾನದ ಚಿತ್ರಕಥೆಯಲ್ಲಿ ಬಿಡಿಸಬೇಕಾದ ಗಂಟು

ಪ್ರಶ್ನೆ: ಕೆಲವು ಕಿರುಚಿತ್ರಗಳನ್ನು ಮಾಡಿದ್ದೇನೆ. ಈಗ ಮೊದಲ ಪೂರ್ಣಾವಧಿ ಚಿತ್ರದ ಚಿತ್ರಕಥೆ ಬರೆಯುತ್ತಿದ್ದೇನೆ. ಮೂವತ್ತೈದರ ಹರೆಯದ ನಾಯಕಿ ತಾನೇ ಕಟ್ಟಿದ ಯಂತ್ರದಲ್ಲಿ ಇಪ್ಪತ್ತನಾಲ್ಕು ವರ್ಷ ಹಿಂದಕ್ಕೆ ಹೋಗಿ, ಸೇತುವೆಯ ಮೇಲೆ ಕಾರು ಅಪಘಾತದಲ್ಲಿ ತೀರಿಕೊಂಡ ತಂದೆಯನ್ನು ಬದುಕಿಸುತ್ತಾಳೆ. ಆ ರಾತ್ರಿ ತಂದೆ ಹೊರಟದ್ದು ಜ್ವರದಿಂದ ಮಲಗಿದ್ದ ಮಗಳಿಗೆ, ಅಂದರೆ ಹನ್ನೊಂದು ವರ್ಷದ ನಾಯಕಿಗೇ, ಔಷಧಿ ತರಲು. ಓದಿದ ಗೆಳೆಯರೊಬ್ಬರು, ‘ತಂದೆ ಸಾಯದಿದ್ದರೆ ಆಕೆ ಯಂತ್ರ ಕಟ್ಟುವುದಿಲ್ಲ, ಕಟ್ಟದಿದ್ದರೆ ಹಿಂದಕ್ಕೆ ಹೋಗುವುದೂ ಇಲ್ಲ, ಕಥೆಯೇ ಬಿದ್ದುಹೋಯಿತಲ್ಲ’ ಎಂದರು. ಇನ್ನೊಬ್ಬರು ಬಹುವಿಶ್ವ, ಅಂದರೆ ಒಂದಲ್ಲ ಹಲವು ಲೋಕಗಳಿವೆ ಎಂಬ ಕಲ್ಪನೆ, ತಂದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಭೌತಶಾಸ್ತ್ರ ಓದಿದ ಸಂಬಂಧಿಯೊಬ್ಬರು ಹಿಂದಕ್ಕೆ ಹೋಗುವುದೇ ಅಸಾಧ್ಯವೆಂದು ನಗುತ್ತಾರೆ. ನಿರ್ಮಾಪಕರು ವಿಜ್ಞಾನಿಯ ಪಾತ್ರವೊಂದನ್ನು ಸೇರಿಸಿ ಹತ್ತು ನಿಮಿಷ ವಿವರಣೆ ಕೊಡಿಸಿ ಎನ್ನುತ್ತಾರೆ. ತಿದ್ದಿದಷ್ಟೂ ಗೋಜಲಾಗುತ್ತಿದೆ. ದೋಷವೇ ಇಲ್ಲದ ಕಾಲಯಾನದ ಕಥೆ ಬರೆಯಲು ಸಾಧ್ಯವೇ? ಯಾವ ಸಿದ್ಧಾಂತವನ್ನು ಹಿಡಿಯಲಿ?

ಉತ್ತರ: ನಿಮಗೆ ಸಲಹೆ ಕೊಟ್ಟ ನಾಲ್ವರೂ ಒಂದೇ ಸಮಸ್ಯೆಯ ಬಗ್ಗೆ ಮಾತನಾಡುತ್ತಿದ್ದಾರೆಂದು ನೀವು ಭಾವಿಸಿರುವುದೇ ಗೋಜಲಿನ ಅರ್ಧ ಕಾರಣ. ಸಂಬಂಧಿಯದು ಭೌತಶಾಸ್ತ್ರದ ಮಾತು, ಗೆಳೆಯರದು ತರ್ಕದ ಮಾತು, ಬಹುವಿಶ್ವ ಎಂದವರದು ಆ ತರ್ಕಕ್ಕೆ ಸಿದ್ಧ ಉತ್ತರ, ನಿರ್ಮಾಪಕರದು ಪ್ರೇಕ್ಷಕರಿಗೆ ತಿಳಿಯುತ್ತದೆಯೋ ಇಲ್ಲವೋ ಎಂಬ ಚಿಂತೆ. ಚಿತ್ರಕಥೆಗಳನ್ನು ಓದಿ ದುರಸ್ತಿ ಮಾಡುವುದು ನನ್ನ ವೃತ್ತಿ. ನನ್ನ ಮೇಜಿಗೆ ಬರುವ ಕಾಲಯಾನದ ಕಥೆಗಳಲ್ಲಿ ಹೆಚ್ಚಿನವು ನಿಮ್ಮ ಗೆಳೆಯರು ತೋರಿಸಿದ ಗಂಟನ್ನೇ ಹೊತ್ತು ಬರುತ್ತವೆ. ಬರೆದವರು ಅದನ್ನು ವಿಜ್ಞಾನದಿಂದಲೋ ಇನ್ನೊಂದು ತಿರುವಿನಿಂದಲೋ ಬಿಡಿಸಲು ಹೆಣಗಿ, ಪಾತ್ರವನ್ನು ಮರೆತಿರುತ್ತಾರೆ. ನಿಮ್ಮ ಪತ್ರದಲ್ಲಿಯೂ ಯಂತ್ರದ ಬಗ್ಗೆ ಇರುವಷ್ಟು ಮಾತು ಆ ತಂದೆ ಎಂಥವನು ಎಂಬುದರ ಬಗ್ಗೆ ಇಲ್ಲ.

ಮೊದಲು ಸಂಬಂಧಿಯ ನಗುವಿಗೆ ಉತ್ತರ ಕೊಟ್ಟು ಮುಂದೆ ಹೋಗೋಣ. ಮುಂದಕ್ಕೆ ಹೋಗುವ ಕಾಲಯಾನ ಕಲ್ಪನೆಯಲ್ಲ, ಅಳೆದು ನೋಡಿದ ಸಂಗತಿ. ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ. ಅವರದೇ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಗುರುತ್ವ ಹೆಚ್ಚಿರುವಲ್ಲಿಯೂ ಹಾಗೆಯೇ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಸೀಸಿಯಂ ಪರಮಾಣು ಗಡಿಯಾರಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಭೂಮಿಯ ಸುತ್ತ ಒಯ್ದು ನೋಡಿದಾಗ, ಪೂರ್ವಾಭಿಮುಖವಾಗಿ ಹೋದವು ಸುಮಾರು 59 ನ್ಯಾನೊಸೆಕೆಂಡು ಹಿಂದೆ ಬಿದ್ದಿದ್ದವು, ಪಶ್ಚಿಮಾಭಿಮುಖವಾಗಿ ಹೋದವು ಸುಮಾರು 273 ನ್ಯಾನೊಸೆಕೆಂಡು ಮುಂದಿದ್ದವು. ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತವೆ. ಅದನ್ನು ಸರಿಪಡಿಸದಿದ್ದರೆ ನಿಮ್ಮ ಫೋನಿನ ನಕ್ಷೆ ದಾರಿ ತಪ್ಪಿಸುತ್ತದೆ. ಈ ಬಗೆಯ ಕಥೆ ನಮಗೆ ಹೊಸದೂ ಅಲ್ಲ. ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜ ಕಕುದ್ಮಿ, ಅಲ್ಲಿ ಗಾಯನ ಮುಗಿಯುವವರೆಗೆ ಕಾದಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿದ್ದವೆಂದು ಭಾಗವತ ಹೇಳುತ್ತದೆ. 2014ರ ‘ಇಂಟರ್‌ಸ್ಟೆಲ್ಲರ್’ ಚಿತ್ರದಲ್ಲಿ ಒಂದು ಗ್ರಹದ ಮೇಲಿನ ಒಂದು ಗಂಟೆ ಭೂಮಿಯ ಏಳು ವರ್ಷಗಳಿಗೆ ಸಮನಾಗುವುದು ಇದೇ ಜಾತಿಯ ಸಂಗತಿ.

ಹಿಂದಕ್ಕೆ ಹೋಗುವುದು ಬೇರೆ ಮಾತು. ಕುರ್ಟ್ ಗೋಡೆಲ್ 1949ರಲ್ಲಿ ಐನ್‌ಸ್ಟೈನ್ ಸಮೀಕರಣಗಳಿಗೆ ಕಂಡುಕೊಂಡ ಒಂದು ಪರಿಹಾರದಲ್ಲಿ ಹೊರಟ ಕ್ಷಣಕ್ಕೇ ಹಿಂದಿರುಗುವ ಹಾದಿಗಳಿದ್ದವು. ಆದರೆ ಅದು ಇಡಿಯಾಗಿ ತಿರುಗುತ್ತಿರುವ ಒಂದು ವಿಶ್ವ, ನಾವಿರುವ ವಿಶ್ವ ಹಾಗಿಲ್ಲ. 1988ರಲ್ಲಿ ಭೌತವಿಜ್ಞಾನಿ ಕಿಪ್ ಥಾರ್ನ್ ಮತ್ತು ಇಬ್ಬರು ಸಂಗಡಿಗರು, ವಿಶ್ವದ ಎರಡು ದೂರದ ತಾಣಗಳನ್ನು ಬೆಸೆಯುವ ಕಾಲ್ಪನಿಕ ಸುರಂಗವಾದ ವರ್ಮ್‌ಹೋಲನ್ನು ಕಾಲಯಂತ್ರವಾಗಿ ಬಳಸಬಹುದೇ ಎಂದು ಚರ್ಚಿಸಿದರು. 1992ರಲ್ಲಿ ಸ್ಟೀಫನ್ ಹಾಕಿಂಗ್, ನಿಸರ್ಗದ ನಿಯಮಗಳೇ ಅಂಥದ್ದನ್ನು ತಡೆಯುತ್ತವೆ ಎಂಬ ಊಹೆಯನ್ನು ಮುಂದಿಟ್ಟರು. ಅದು ಇಂದಿಗೂ ಊಹೆಯೇ. ಆದ್ದರಿಂದ ‘ಅಸಾಧ್ಯವೆಂದು ಸಾಬೀತಾಗಿದೆ’ ಎಂಬುದು ನಿಜವಲ್ಲ, ‘ಸಾಧ್ಯವೆಂದು ವಿಜ್ಞಾನಿಗಳು ಒಪ್ಪಿದ್ದಾರೆ’ ಎಂಬುದಂತೂ ಇನ್ನೂ ನಿಜವಲ್ಲ. ನಿಮ್ಮ ಚಿತ್ರಕ್ಕೆ ಇವೆರಡರಿಂದಲೂ ಆಗಬೇಕಾದದ್ದು ಏನೂ ಇಲ್ಲ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಹಿಂದಕ್ಕೆ ಹೋದವಳು ಅಂತರಿಕ್ಷದಲ್ಲಿ ಬೀಳಬೇಕಲ್ಲವೇ ಎಂಬ ಆಕ್ಷೇಪವೂ ಒಂದಲ್ಲ ಒಂದು ದಿನ ನಿಮಗೆ ಎದುರಾಗುತ್ತದೆ. ‘ಅದೇ ಜಾಗ’ ಎಂಬುದಕ್ಕೆ ಸಾಪೇಕ್ಷತೆಯಲ್ಲಿ ಯಾವುದನ್ನು ಆಧರಿಸಿ ಎಂದು ಹೇಳದೆ ಅರ್ಥವೇ ಇಲ್ಲ. ಭೂಮಿಯನ್ನು ಆಧರಿಸಿ ಎಂದರೆ ಮುಗಿಯಿತು. ಇದಕ್ಕಾಗಿ ಒಂದು ಸಾಲು ಸಂಭಾಷಣೆಯನ್ನೂ ವ್ಯಯಿಸಬೇಡಿ.

ಗೆಳೆಯರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ‘ತಾತನನ್ನು ಕೊಂದರೆ ನೀನು ಹುಟ್ಟುವುದು ಹೇಗೆ’ ಎಂಬ ಪ್ರಸಿದ್ಧ ವಿರೋಧಾಭಾಸದ ಸೌಮ್ಯ ರೂಪ ಅದು. ಫ್ರೆಂಚ್ ಲೇಖಕ ರೆನೆ ಬಾರ್ಜವೆಲ್ 1943ರ ಕಾದಂಬರಿಯೊಂದರಲ್ಲಿ ಇದೇ ಬಗೆಯ ಗಂಟನ್ನು ಕಟ್ಟಿದ್ದ. ನಿಮ್ಮ ಕಥೆಯಲ್ಲಿ ಅಳಿಸಿಹೋಗುವುದು ನಾಯಕಿಯ ಹುಟ್ಟಲ್ಲ, ಆಕೆಯ ಉದ್ದೇಶ. ಈ ವಿರೋಧ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಿದರೆ ಪರಿಹಾರವೂ ಕಾಣುತ್ತದೆ. ತತ್ವಶಾಸ್ತ್ರಜ್ಞ ಡೇವಿಡ್ ಲೂಯಿಸ್ 1976ರ ಲೇಖನವೊಂದರಲ್ಲಿ ಎರಡು ಕಾಲಗಳನ್ನು ಬೇರ್ಪಡಿಸಿ ತೋರಿಸಿದರು: ಲೋಕದ ಕಾಲ ಒಂದು, ಪ್ರಯಾಣಿಕರ ಸ್ವಂತ ಕಾಲ ಇನ್ನೊಂದು. ನಿಮ್ಮ ನಾಯಕಿಗೆ ಅಪಘಾತವು ಇಪ್ಪತ್ತನಾಲ್ಕು ವರ್ಷದ ಹಿಂದಿನ ನೆನಪೂ ಹೌದು, ನಾಳೆ ನಡೆಯಲಿರುವ ಘಟನೆಯೂ ಹೌದು, ಇದರಲ್ಲಿ ವಿರೋಧವೇನಿಲ್ಲ. ವಿರೋಧ ಹುಟ್ಟುವುದು ಲೋಕದ ಕಾಲದಲ್ಲಿ ಒಂದೇ ರಾತ್ರಿಯನ್ನು ‘ಮೊದಲ ಸಲ’ ಮತ್ತು ‘ಎರಡನೆಯ ಸಲ’ ಎಂದು ಎರಡು ಬಾರಿ ಎಣಿಸಿದಾಗ. ಒಂದು ರಾತ್ರಿ ಒಂದೇ ಸಲ ನಡೆಯುತ್ತದೆ. ಎರಡು ಸಲ ನಡೆಯಿತೆನ್ನುವ ಕಥೆಗಾರ, ತನಗೇ ತಿಳಿಯದಂತೆ ಮೂರನೆಯ ಗಡಿಯಾರವೊಂದನ್ನು ಒಳಗೆ ತಂದಿರುತ್ತಾನೆ.

ಆ ಮೂರನೆಯ ಗಡಿಯಾರ ಪ್ರೇಕ್ಷಕನದು. ಚಿತ್ರಮಂದಿರದಲ್ಲಿ ಕುಳಿತವನಿಗೆ ಪರದೆಯ ಮೇಲೆ ಮೊದಲು ಬಂದದ್ದು ಮೊದಲು, ಆಮೇಲೆ ಬಂದದ್ದು ಆಮೇಲೆ. ಫ್ಲ್ಯಾಶ್‌ಬ್ಯಾಕ್ ನೋಡುವಾಗಲೂ ಆತ ಅದನ್ನು ‘ಈಗ ತಿಳಿದ ಸಂಗತಿ’ ಎಂದೇ ಸ್ವೀಕರಿಸುತ್ತಾನೆ. ಸಿನಿಮಾಕ್ಕೂ ಕಾಲಯಾನಕ್ಕೂ ಇರುವ ನಂಟು ಹುಟ್ಟಿನಿಂದ ಬಂದದ್ದು. ಎಚ್. ಜಿ. ವೆಲ್ಸ್ ಅವರ ‘ದ ಟೈಮ್ ಮಷಿನ್’ ಪ್ರಕಟವಾದದ್ದೂ, ಲೂಮಿಯೇರ್ ಸಹೋದರರು ಪ್ಯಾರಿಸಿನಲ್ಲಿ ಟಿಕೆಟಿಟ್ಟು ಚಲನಚಿತ್ರ ತೋರಿಸಿದ್ದೂ 1895ರಲ್ಲಿಯೇ. ಅದೇ ವರ್ಷ ರಾಬರ್ಟ್ ಪಾಲ್ ಎಂಬ ಇಂಗ್ಲಿಷ್ ಉಪಕರಣ ತಯಾರಕ, ಪ್ರೇಕ್ಷಕರಿಗೆ ಕಾಲಯಾನ ಮಾಡಿದ ಅನುಭವ ಕೊಡುವ ಪ್ರದರ್ಶನವೊಂದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಮರುವರ್ಷ ಲೂಮಿಯೇರರು ಗೋಡೆ ಕೆಡಹುವ ತಮ್ಮ ಕಿರುಚಿತ್ರವನ್ನು ಹಿಮ್ಮುಖವಾಗಿ ಓಡಿಸಿದಾಗ ಬಿದ್ದ ಗೋಡೆ ಧೂಳಿನಿಂದೆದ್ದು ನಿಂತಿತು. ಪ್ರತಿ ಕಟ್‌ನಲ್ಲಿಯೂ ಕಾಲವನ್ನು ಹಾರುವ ಮಾಧ್ಯಮವಿದು. ಆ ಹಾರಾಟಕ್ಕೆ ಪ್ರೇಕ್ಷಕ ಎಂದೋ ಒಗ್ಗಿಕೊಂಡಿದ್ದಾನೆ.

ಇದು ಅರ್ಥವಾದರೆ, ತರ್ಕದಲ್ಲಿ ನಿಲ್ಲದ ಚಿತ್ರಗಳು ಮನಸ್ಸಿನಲ್ಲಿ ಹೇಗೆ ನಿಲ್ಲುತ್ತವೆ ಎಂಬುದೂ ಅರ್ಥವಾಗುತ್ತದೆ. 1985ರ ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರದ ಛಾಯಾಚಿತ್ರವನ್ನು ಗಮನಿಸಿ. 1955ಕ್ಕೆ ಹೋದ ಮಾರ್ಟಿ ತನ್ನ ತಂದೆ ತಾಯಿ ಭೇಟಿಯಾಗಬೇಕಿದ್ದ ಸಂದರ್ಭವನ್ನು ಕೆಡಿಸುತ್ತಾನೆ. ಅವನ ಕಿಸೆಯಲ್ಲಿ ಅಣ್ಣ, ಅಕ್ಕ ಮತ್ತು ತಾನು ನಿಂತಿರುವ ಫೋಟೋ ಇದೆ. ಮೊದಲು ಅಣ್ಣನ ತಲೆ ಮಾಯವಾಗುತ್ತದೆ, ಬರಬರುತ್ತ ಅಕ್ಕನೂ ಅಳಿಸಿಹೋಗುತ್ತಾಳೆ. ಕೊನೆಗೆ ನೃತ್ಯಕೂಟದ ವೇದಿಕೆಯಲ್ಲಿ ಗಿಟಾರ್ ನುಡಿಸುತ್ತಿದ್ದ ಮಾರ್ಟಿ ಕೈಯೆತ್ತಿ ನೋಡಿದರೆ ಅಂಗೈಯೇ ಪಾರದರ್ಶಕವಾಗುತ್ತಿದೆ. ತರ್ಕದಿಂದ ನೋಡಿದರೆ ಇದರಲ್ಲಿ ಯಾವುದೂ ನಿಲ್ಲುವುದಿಲ್ಲ. ಹುಟ್ಟದೇ ಹೋದವರು ಅಂಗಾಂಗವಾಗಿ ಏಕೆ ಮಾಯವಾಗಬೇಕು? ಯಾರೂ ನಿಂತಿರದ ಬಯಲನ್ನು ಫೋಟೋ ತೆಗೆದವರು ಯಾರು? ಆದರೂ ಆ ಫೋಟೋ ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ. ಲೋಕದ ಕಾಲದಲ್ಲಿ ನಡೆದ ಬದಲಾವಣೆಯನ್ನು ಅದು ಪ್ರೇಕ್ಷಕನ ಗಡಿಯಾರಕ್ಕೆ ಇಳಿಸಿಕೊಡುತ್ತದೆ: ಇಷ್ಟು ಹೊತ್ತು ಉಳಿದಿದೆ, ಇಷ್ಟು ಹೊತ್ತು ಉಳಿದಿಲ್ಲ. ಮುಖ್ಯವಾಗಿ, ಆ ನಿಯಮ ನಾಯಕನ ವಿರುದ್ಧ ಕೆಲಸ ಮಾಡುತ್ತದೆ. ನಾಯಕನನ್ನು ಇಕ್ಕಟ್ಟಿಗೆ ಸಿಲುಕಿಸುವ ಅತಾರ್ಕಿಕ ನಿಯಮವನ್ನು ಪ್ರೇಕ್ಷಕ ಪ್ರಶ್ನಿಸುವುದು ತೀರಾ ಅಪರೂಪ.

ಇದಕ್ಕೆ ತದ್ವಿರುದ್ಧ ಉದಾಹರಣೆ 1978ರ ‘ಸೂಪರ್‌ಮ್ಯಾನ್’. ಪ್ರೇಯಸಿ ಸತ್ತಾಗ ನಾಯಕ ಭೂಮಿಯ ಸುತ್ತ ಹಾರಿ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. ಆತನಿಗೆ ಈ ಶಕ್ತಿ ಇದೆಯೆಂಬುದು ಅದು ಬೇಕಾದ ಕ್ಷಣದಲ್ಲಿಯೇ ನಮಗೆ ತಿಳಿಯುವುದು. ಮಾನವ ಇತಿಹಾಸದಲ್ಲಿ ಕೈಹಾಕಬೇಡ ಎಂಬ ತಂದೆಯ ಆಜ್ಞೆಯನ್ನು ಮೀರಿದ್ದಕ್ಕೆ ಆತ ತೆರುವ ಬೆಲೆಯೂ ಕಾಣುವುದಿಲ್ಲ. ಉಳಿದೆಲ್ಲ ಆಪತ್ತುಗಳಿಗೂ ಇದನ್ನೇ ಮಾಡಬಹುದಲ್ಲ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ಮಾರ್ಟಿಯ ಫೋಟೋ ಎಷ್ಟು ಅತಾರ್ಕಿಕವೋ ಇದೂ ಅಷ್ಟೇ ಅತಾರ್ಕಿಕ. ಆದರೆ ಇಲ್ಲಿ ನಿಯಮ ನಾಯಕನಿಗೆ ಬಿಟ್ಟಿ ಸಿಕ್ಕಿದೆ. ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರವೂ ಇದರಲ್ಲಿದೆ. ಗತವನ್ನು ಬದಲಿಸುವ ಕಥೆಯಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲದಂತೆ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ತೂತನ್ನು ಮುಚ್ಚಲು ನೀವು ತರುವ ನಿಯಮ ನಾಯಕಿಗೆ ಏನನ್ನಾದರೂ ಕಳೆದುಕೊಳ್ಳುವಂತೆ ಮಾಡುತ್ತದೆಯೇ ಎಂಬುದಷ್ಟೇ ನೋಡಬೇಕಾದದ್ದು.

ಈಗ ನಿಮ್ಮ ಮುಂದಿರುವ ದಾರಿಗಳು. ಒಂದು, ಏನು ಮಾಡಿದರೂ ಗತ ಬದಲಾಗದು ಎಂಬ ದಾರಿ. ತರ್ಕದಲ್ಲಿ ಇದೇ ಅತ್ಯಂತ ಶುದ್ಧವಾದದ್ದು, ಏಕೆಂದರೆ ಇದರಲ್ಲಿ ಒಂದು ರಾತ್ರಿ ಒಂದೇ ಸಲ ನಡೆಯುತ್ತದೆ. ಹಿಂದಕ್ಕೆ ಹೋದವಳು ಆ ರಾತ್ರಿಯಲ್ಲಿ ಮೊದಲಿನಿಂದಲೂ ಇದ್ದಳು. ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 28 ನಿಮಿಷಗಳ ‘ಲಾ ಜೆತೇ’ ಇದರ ಮೇಲ್ಪಂಕ್ತಿ. ಬಹುತೇಕ ಇಡೀ ಚಿತ್ರ ಸ್ಥಿರಚಿತ್ರಗಳಿಂದಲೇ ಕೂಡಿದೆ. ಮಲಗಿದ್ದ ಹೆಣ್ಣು ಕಣ್ಣು ತೆರೆಯುವ ಒಂದೇ ಒಂದು ಕಡೆ ಚಿತ್ರ ಚಲಿಸುತ್ತದೆ. ಬಾಲ್ಯದಲ್ಲಿ ಕಂಡ ಸಾವೊಂದರ ನೆನಪನ್ನು ಹಿಡಿದು ಹಿಂದಕ್ಕೆ ಹೋದ ನಾಯಕನಿಗೆ ಆ ಸಾವು ತನ್ನದೇ ಎಂದು ತಿಳಿಯುವಲ್ಲಿ ಕಥೆ ಮುಗಿಯುತ್ತದೆ. ಅದರಿಂದ ಪ್ರೇರಿತವಾದ 1995ರ ‘12 ಮಂಕೀಸ್’ ಕೂಡ ಇದೇ ಹಾದಿಯದು. ನಿಮ್ಮ ಕಥೆಗೆ ಇದನ್ನು ಹೊಂದಿಸಿದರೆ ಮೊದಲು ಹೊಳೆಯುವ ಕ್ಲೈಮ್ಯಾಕ್ಸ್ ಯಾವುದೆಂದು ನಾನು ಹೇಳಬಲ್ಲೆ: ತಡೆಯಲು ಓಡಿಬಂದ ನಾಯಕಿಯೇ ಸೇತುವೆಯ ಮೇಲೆ ಅಡ್ಡ ಬಂದು, ಆಕೆಯನ್ನು ತಪ್ಪಿಸಲು ಹೋದ ತಂದೆಯ ಕಾರು ಉರುಳುತ್ತದೆ. ದಯವಿಟ್ಟು ಅದನ್ನು ಬರೆಯಬೇಡಿ. ಈ ತಿರುವು ಈಗ ಎಷ್ಟು ಸವೆದಿದೆಯೆಂದರೆ, ಸೇತುವೆಯ ಮೇಲೆ ಯಾರೋ ನಿಂತಿದ್ದರಂತೆ ಎಂದು ಮೊದಲ ಭಾಗದಲ್ಲಿ ಒಂದು ಮಾತು ಬಂದರೆ ಸಾಕು, ಇಂಟರ್ವಲ್‌ಗೆ ಮುಂಚೆಯೇ ಪ್ರೇಕ್ಷಕರು ಕೊನೆಯನ್ನು ಹೇಳಿಬಿಡುತ್ತಾರೆ. ಬದಲಾಗದ ಗತವೆಂದರೆ ದುರಂತವೇ ಆಗಬೇಕೆಂದೂ ಇಲ್ಲ. ಹ್ಯಾರಿ ಪಾಟರ್ ಸರಣಿಯ 2004ರ ಚಿತ್ರದಲ್ಲಿ ತನ್ನನ್ನು ಕಾಪಾಡಿದ್ದು ತೀರಿಕೊಂಡ ತಂದೆಯೆಂದು ಹುಡುಗ ನಂಬಿರುತ್ತಾನೆ. ಹಿಂದಕ್ಕೆ ಬಂದು ಅದೇ ದಡದಲ್ಲಿ ಕಾದರೆ ಯಾರೂ ಬರುವುದಿಲ್ಲ, ಕೊನೆಗೆ ತಾನೇ ಆ ಕೆಲಸ ಮಾಡಬೇಕಾಗುತ್ತದೆ. ಗತದಲ್ಲಿ ಏನೂ ಬದಲಾಗಲಿಲ್ಲ, ಹುಡುಗ ಮಾತ್ರ ಬದಲಾದ. ಈ ದಾರಿ ಹಿಡಿಯುವುದಾದರೆ ಆ ಬಗೆಯಲ್ಲಿ ಯೋಚಿಸಿ. ಇದರ ಅಪಾಯವೆಂದರೆ, ನಾಯಕಿ ಏನು ಮಾಡಿದರೂ ಅಷ್ಟೇ ಎಂದು ಪ್ರೇಕ್ಷಕನಿಗೆ ಬೇಗನೆ ತಿಳಿದುಬಿಟ್ಟರೆ ದ್ವಿತೀಯಾರ್ಧದಲ್ಲಿ ಕುತೂಹಲ ಉಳಿಯುವುದಿಲ್ಲ.

ಬಹುವಿಶ್ವದ ದಾರಿಯನ್ನು ಇತ್ತೀಚೆಗೆ ಎಲ್ಲರೂ ಹೇಳುತ್ತಾರೆ. ಹ್ಯೂ ಎವೆರೆಟ್ 1957ರಲ್ಲಿ ಕ್ವಾಂಟಮ್ ಸಿದ್ಧಾಂತಕ್ಕೆ ಕೊಟ್ಟ ವ್ಯಾಖ್ಯಾನದಿಂದ ದೂರದ ಸ್ಫೂರ್ತಿ ಪಡೆದ ಈ ಕಲ್ಪನೆಯಲ್ಲಿ, ಗತಕ್ಕೆ ಹೋಗಿ ಏನನ್ನಾದರೂ ಬದಲಿಸಿದರೆ ಹೊಸ ಕವಲು ಹುಟ್ಟುತ್ತದೆ, ಹಳೆಯ ಲೋಕ ಹಾಗೆಯೇ ಇರುತ್ತದೆ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಇದನ್ನು ಪಾತ್ರಗಳ ಬಾಯಲ್ಲೇ ಹೇಳಿಸಿತು, ಹಳೆಯ ಕಾಲಯಾನ ಚಿತ್ರಗಳನ್ನು ಗೇಲಿಯನ್ನೂ ಮಾಡಿತು. ವಿರೋಧಾಭಾಸ ನಿಜಕ್ಕೂ ಇಲ್ಲವಾಗುತ್ತದೆ. ಆದರೆ ಅದರೊಡನೆ ನಿಮ್ಮ ಕಥೆಯೂ ಇಲ್ಲವಾಗುವ ಸಂಭವವಿದೆ. ನಾಯಕಿ ಬದುಕಿಸಿದ್ದು ಬೇರೊಂದು ಕವಲಿನ ಹುಡುಗಿಯ ತಂದೆಯನ್ನು; ಆಕೆಯ ಸ್ವಂತ ತಂದೆ ಆಕೆಯ ಲೋಕದಲ್ಲಿ ಸತ್ತೇ ಇದ್ದಾನೆ, ವಿಧವೆ ತಾಯಿ ಮನೆಯಲ್ಲಿ ಕಾಯುತ್ತಲೇ ಇದ್ದಾಳೆ. ಆಕೆ ಹಿಂದಿರುಗಿದರೆ ಏನೂ ಸಿಗದು, ಅಲ್ಲೇ ಉಳಿದರೆ ತಾಯಿಯನ್ನು ತೊರೆದಂತೆ. ಈ ಇಕ್ಕಟ್ಟೇ ನಿಮ್ಮ ಚಿತ್ರದ ವಸ್ತುವಾಗುವುದಾದರೆ ಬಹುವಿಶ್ವ ಒಳ್ಳೆಯ ಆಯ್ಕೆ. ಗೆಳೆಯರ ಆಕ್ಷೇಪಕ್ಕೆ ತೇಪೆ ಹಾಕಲು ಮಾತ್ರ ಅದನ್ನು ತಂದರೆ, ಯಾವ ಸಾವೂ ಕೊನೆಯದಲ್ಲ, ಇನ್ನೊಂದು ಕವಲಿನಲ್ಲಿ ಆತ ಇದ್ದೇ ಇರುತ್ತಾನೆ ಎಂಬ ಭಾವ ಪ್ರೇಕ್ಷಕನಲ್ಲಿ ಕೂತು, ಸೇತುವೆಯ ದೃಶ್ಯಕ್ಕೆ ತೂಕವೇ ಇಲ್ಲದಂತಾಗುತ್ತದೆ. ಒಂದೇ ದಿನ ಮರುಕಳಿಸುವ ಲೂಪ್ ಕಥೆಗಳ ಮಾತನ್ನು ಇಲ್ಲಿ ಎತ್ತುವುದಿಲ್ಲ. ಅವು ಸ್ವಭಾವ ತಿದ್ದುವ ಕಥೆಗಳಿಗೆ ಒಗ್ಗುತ್ತವೆ, ನಿಮ್ಮದು ಅದಲ್ಲ.

ಉಳಿದದ್ದು ನೀವು ಈಗಾಗಲೇ ಹಿಡಿದಿರುವ ದಾರಿ: ಗತ ಬದಲಾಗುತ್ತದೆ, ಲೋಕ ಒಂದೇ. ಮುಂದೆ ಯಾರೋ ಹೇಳಿ ನಿಮಗೆ ಗಾಬರಿಯಾಗುವ ಬದಲು ನಾನೇ ಹೇಳುತ್ತೇನೆ, 2000ದ ‘ಫ್ರೀಕ್ವೆನ್ಸಿ’ ಚಿತ್ರವನ್ನು ನೋಡಿ. ಅದರಲ್ಲಿ 1999ರಲ್ಲಿರುವ ಪೊಲೀಸ್ ಮಗ, 1969ರಲ್ಲಿರುವ ಅಗ್ನಿಶಾಮಕ ದಳದ ತಂದೆಯೊಡನೆ ಹ್ಯಾಮ್ ರೇಡಿಯೊದಲ್ಲಿ ಮಾತನಾಡಿ ಆತನ ಸಾವನ್ನು ತಪ್ಪಿಸುತ್ತಾನೆ. ವಸ್ತು ನಿಮ್ಮದಕ್ಕೆ ಹತ್ತಿರವಿದೆ ಎಂಬ ಕಾರಣಕ್ಕೆ ಕೈಬಿಡಬೇಕಾಗಿಲ್ಲ. ಆದರೆ ಅದರ ಚಿತ್ರಕಥೆ ಬೆಲೆಯನ್ನು ಎಲ್ಲಿಂದ ತಂದಿದೆ ನೋಡಿ. ಮೊದಲಿನ ಲೋಕದಲ್ಲಿ, ಗಂಡ ಸತ್ತ ಸುದ್ದಿ ಕೇಳಿ ನರ್ಸ್ ಆಗಿದ್ದ ತಾಯಿ ಆಸ್ಪತ್ರೆಯಿಂದ ಹೊರಟುಬಿಟ್ಟಿದ್ದಳು. ಈಗ ಗಂಡ ಬದುಕಿದ್ದರಿಂದ ಆಕೆ ಕೆಲಸದಲ್ಲಿಯೇ ಉಳಿದು, ರೋಗಿಯೊಬ್ಬನಿಗೆ ತಪ್ಪು ಔಷಧಿ ಹೋಗುವುದನ್ನು ತಡೆಯುತ್ತಾಳೆ. ಆ ರೋಗಿ ಸರಣಿ ಕೊಲೆಗಾರ. ಬದುಕಿಕೊಂಡ ಆತ ಮುಂದೆ ಆಕೆಯನ್ನೇ ಕೊಲ್ಲುತ್ತಾನೆ. ಬೆಲೆ ಹೊರಗಿನಿಂದ ಬಂದದ್ದಲ್ಲ, ಉಳಿಸಿದ ಜೀವದಿಂದಲೇ ಹುಟ್ಟಿದ್ದು. ಅದು ಥ್ರಿಲ್ಲರ್ ಆದ್ದರಿಂದ ಬೆಲೆಯೂ ಕೊಲೆಯ ರೂಪದಲ್ಲಿ ಬಂದಿತು. ನಿಮ್ಮದು ಕುಟುಂಬದ ಕಥೆ. ನಿಮಗೆ ಕೊಲೆಗಾರ ಬೇಕಿಲ್ಲ.

ನಿಮಗೆ ನಾನು ಸೂಚಿಸುವ ದುರಸ್ತಿ ಹೀಗಿದೆ. ಗತ ಬದಲಾದರೂ ಪ್ರಯಾಣ ಮಾಡಿದವರು ಬದಲಾಗುವುದಿಲ್ಲ, ಅವರ ದೇಹವೂ ನೆನಪೂ ಹೊರಟ ಲೋಕದ್ದಾಗಿಯೇ ಉಳಿಯುತ್ತವೆ ಎಂಬ ಒಂದೇ ನಿಯಮವನ್ನು ಇಡಿ. ಗೆಳೆಯರ ಆಕ್ಷೇಪಕ್ಕೆ ಅದು ಸಾಕು: ಯಂತ್ರ ಕಟ್ಟಿದ್ದು ಆಕೆಯ ಸ್ವಂತ ಕಾಲದಲ್ಲಿ ನಡೆದುಹೋದ ಸಂಗತಿ, ಲೋಕ ಬದಲಾದ ಮಾತ್ರಕ್ಕೆ ಅದು ಅಳಿಯದು. ಇದು ಪರಿಪೂರ್ಣ ತರ್ಕವಲ್ಲ, ಒಪ್ಪಂದ. ಆ ಒಪ್ಪಂದದ ಬೆಲೆ ಏನೆಂದು ಈಗ ನೋಡಿ. ನಾಯಕಿ ಹಿಂದಿರುಗಿದಾಗ ತಂದೆ ಬದುಕಿದ್ದಾನೆ, ತಲೆ ನರೆತಿದೆ, ಬಾಗಿಲು ತೆರೆದು ಸಹಜವಾಗಿ ಒಳಗೆ ಕರೆಯುತ್ತಾನೆ. ಆತ ಮಗಳೊಡನೆ ಇಪ್ಪತ್ತನಾಲ್ಕು ವರ್ಷ ಬಾಳಿದ್ದಾನೆ. ಆ ವರ್ಷಗಳಲ್ಲಿ ಆಕೆ ಆತನೊಡನೆ ಒಂದು ದಿನವೂ ಬಾಳಿಲ್ಲ. ಊಟದ ಹೊತ್ತಿಗೆ ಆತ ಯಾವುದೋ ಹಳೆಯ ಜಗಳವನ್ನು ನೆನೆದು, ‘ಅವತ್ತು ನೀನು ಹೇಳಿದ ಮಾತು ನನಗೆ ಇನ್ನೂ ಮರೆತಿಲ್ಲ ನೋಡು’ ಎಂದು ನಗುತ್ತಾನೆ. ಆಕೆಗೆ ಯಾವ ದಿನ, ಯಾವ ಮಾತು, ಒಂದೂ ಗೊತ್ತಿಲ್ಲ, ಗೊತ್ತಿದ್ದವಳಂತೆ ನಗಬೇಕು. ಎರಡು ನಿಮಿಷದ ಈ ದೃಶ್ಯ ಬರೆದು ನೋಡಿ. ತರ್ಕದ ತೂತು ಮುಚ್ಚಲು ತಂದ ನಿಯಮವೇ ಕಥೆಯ ನೋವಾಗುತ್ತದೆ. ಪ್ರೇಕ್ಷಕರು ಆಮೇಲೆ ಯಂತ್ರದ ಬಗ್ಗೆ ವಾದಿಸುವುದಿಲ್ಲ.

ಈ ದುರಸ್ತಿಯಲ್ಲಿಯೂ ಎರಡು ಅಪಾಯಗಳಿವೆ. ಮೊದಲನೆಯದು ಹನ್ನೊಂದು ವರ್ಷದ ಆ ಹುಡುಗಿ. ಆಕೆ ತಂದೆಯೊಡನೆ ಬೆಳೆದು ದೊಡ್ಡವಳಾಗಿರಬೇಕಲ್ಲ, ಎಲ್ಲಿ ಹೋದಳು? ‘ಬ್ಯಾಕ್ ಟು ದ ಫ್ಯೂಚರ್’ ಇದೇ ಪ್ರಶ್ನೆಯನ್ನು ಜಾರಿಸಿಕೊಂಡು ಹೋಗುತ್ತದೆ. ಸುಖೀ ಸಂಸಾರದಲ್ಲಿ ಬೆಳೆದ ಇನ್ನೊಬ್ಬ ಮಾರ್ಟಿಯ ಗತಿ ಏನಾಯಿತೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅವನ ಬಾಲ್ಯವನ್ನು ನಾವು ನೋಡಿಯೇ ಇಲ್ಲ. ನಿಮಗೆ ಆ ಅನುಕೂಲವಿಲ್ಲ. ಜ್ವರದಲ್ಲಿ ಮಲಗಿದ ಆ ಮಗುವಿನ ಮುಖವನ್ನು ನೀವು ಪರದೆಯ ಮೇಲೆ ತೋರಿಸಿದ್ದೀರಿ, ಪ್ರೇಕ್ಷಕರಿಗೆ ಆಕೆಯ ಮೇಲೆ ಅಕ್ಕರೆ ಹುಟ್ಟಿಸಿದ್ದೀರಿ. ಕಾಣದ ಪಾತ್ರವನ್ನು ಮರೆಸಬಹುದು, ಕಂಡ ಮುಖವನ್ನು ಮರೆಸಲಾಗದು. ನಾಯಕಿ ಹಿಂದಿರುಗಿದ ಕ್ಷಣದಲ್ಲಿ ಆ ಇನ್ನೊಬ್ಬಳ ಜಾಗಕ್ಕೆ ಈಕೆ ಬಂದಿದ್ದಾಳೆ ಎಂದಾದರೆ, ಈಕೆ ತಂದೆಯನ್ನು ಪಡೆದದ್ದು ತಂದೆಗೆ ಗೊತ್ತಿದ್ದ ಮಗಳನ್ನು ಇಲ್ಲವಾಗಿಸಿ. ಇದನ್ನು ಮುಚ್ಚಿಡಬೇಡಿ, ನಾಯಕಿಗೇ ಅದು ಹೊಳೆಯುವಂತೆ ಮಾಡಿ. ಇಬ್ಬರೂ ಇರುವುದಾದರೆ ಅದು ಬೇರೆಯೇ ಚಿತ್ರ, ಕ್ಲೈಮ್ಯಾಕ್ಸಿಗೆ ಮುಂಚೆಯೇ ಇಬ್ಬರನ್ನೂ ಎದುರುಬದುರು ತರಬೇಕಾಗುತ್ತದೆ.

ಎರಡನೆಯದು ಯಂತ್ರ. ಅದು ನೆಲೆಯೂರಿ ನಿಂತು ಆಕೆಯನ್ನು ಮಾತ್ರ ಕಳಿಸುವಂಥದ್ದಾದರೆ, ಬದಲಾದ ಲೋಕದಲ್ಲಿ ಅದನ್ನು ಯಾರೂ ಕಟ್ಟಿರುವುದಿಲ್ಲ, ಆಕೆ ಹಿಂದಿರುಗುವುದಾದರೂ ಹೇಗೆ? ವೆಲ್ಸ್‌ನ ಕಥೆಯಲ್ಲಿಯೂ, ಕೃಷ್ಣದೇವರಾಯನ ಕಾಲಕ್ಕೆ ಹೋಗುವ 1991ರ ತೆಲುಗು ಚಿತ್ರ ‘ಆದಿತ್ಯ 369’ರಲ್ಲಿಯೂ ಇರುವಂತೆ, ಪ್ರಯಾಣಿಕರೊಡನೆ ಯಂತ್ರವೂ ಹೋಗುವಂತೆ ಮಾಡಿದರೆ ಈ ತೊಡಕು ತಪ್ಪುತ್ತದೆ. ಆದರೆ ವಾಹನವಿದ್ದರೆ ಇನ್ನೊಮ್ಮೆ ಹೋಗಿಬರಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ, ಅದಕ್ಕೆ ಮಿತಿ ಹಾಕಬೇಕು. ಸುಮಾರು 7,000 ಡಾಲರಿನಲ್ಲಿ ತಯಾರಾದ 2004ರ ‘ಪ್ರೈಮರ್’ ಚಿತ್ರದ ಮಿತಿ ನನಗೆ ಬಹಳ ಮೆಚ್ಚುಗೆಯದು: ಆರು ಗಂಟೆ ಹಿಂದಕ್ಕೆ ಹೋಗಬೇಕಾದರೆ ಆ ಪೆಟ್ಟಿಗೆಯೊಳಗೆ ಆರು ಗಂಟೆ ಮಲಗಿರಬೇಕು, ಪೆಟ್ಟಿಗೆಯನ್ನು ಚಾಲೂ ಮಾಡಿದ ಕ್ಷಣಕ್ಕಿಂತ ಹಿಂದಕ್ಕೆ ಹೋಗಲಾಗದು. ಇಪ್ಪತ್ತನಾಲ್ಕು ವರ್ಷಕ್ಕೆ ಅದು ಹೊಂದದು; ನಿಮ್ಮದೇ ಮಿತಿಯನ್ನು ಹುಡುಕಿ, ಆದರೆ ಅದು ದೇಹಕ್ಕೆ ತಟ್ಟುವಂತಿರಲಿ. ಇಂಧನ ಮುಗಿಯಿತು ಎನ್ನುವುದಕ್ಕಿಂತ ಅದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ನಿರ್ಮಾಪಕರ ಆತಂಕವನ್ನು ತಳ್ಳಿಹಾಕಬೇಡಿ. ಅವರು ಹೇಳಿದ ಮದ್ದು ತಪ್ಪು, ಕಂಡ ರೋಗ ನಿಜ. ಪ್ರೇಕ್ಷಕನಿಗೆ ಸಿದ್ಧಾಂತ ಬೇಕಿಲ್ಲ. ಎಷ್ಟು ದೂರ ಹೋಗಬಹುದು, ಎಷ್ಟು ಸಲ ಹೋಗಬಹುದು, ಏನನ್ನು ಮಾಡಲಾಗದು ಎಂಬುದು ತಿಳಿದರೆ ಸಾಕು, ಅದೂ ಆ ನಿಯಮ ಕೆಲಸಕ್ಕೆ ಬರುವ ಬಹಳ ಮೊದಲೇ ತಿಳಿಯಬೇಕು. ‘ಬ್ಯಾಕ್ ಟು ದ ಫ್ಯೂಚರ್’ನಲ್ಲಿ ವಿಜ್ಞಾನಿ ತನ್ನ ನಾಯಿಯನ್ನು ಕಾರಿನಲ್ಲಿ ಕೂರಿಸಿ ಒಂದು ನಿಮಿಷ ಮುಂದಕ್ಕೆ ಕಳಿಸುತ್ತಾನೆ. ಕಾರು ಗಂಟೆಗೆ 88 ಮೈಲಿ ವೇಗ ತಲುಪಿದ್ದೇ ಮಾಯವಾಗಿ, ಒಂದು ನಿಮಿಷದ ಬಳಿಕ ಹಿಮಗಟ್ಟಿ ಮರಳುತ್ತದೆ; ನಾಯಿಯ ಕೊರಳಿನ ಗಡಿಯಾರ ವಿಜ್ಞಾನಿಯ ಕೈಯಲ್ಲಿರುವುದಕ್ಕಿಂತ ಸರಿಯಾಗಿ ಒಂದು ನಿಮಿಷ ಹಿಂದಿದೆ. ನಾಯಿಗೆ ಏನೂ ಆಗಿಲ್ಲ, ಪ್ರೇಕ್ಷಕನಿಗೆ ಎಲ್ಲವೂ ತಿಳಿಯಿತು. 1993ರ ‘ಗ್ರೌಂಡ್‌ಹಾಗ್ ಡೇ’ ಅಂತೂ ಒಂದೇ ದಿನ ಏಕೆ ಮರುಕಳಿಸುತ್ತದೆ ಎಂದು ಕೊನೆಯವರೆಗೂ ಹೇಳುವುದೇ ಇಲ್ಲ. ಹತ್ತು ನಿಮಿಷದ ಭಾಷಣದ ಬದಲು ಎರಡು ನಿಮಿಷದ ಪ್ರಯೋಗದ ದೃಶ್ಯವೊಂದನ್ನು ನಿರ್ಮಾಪಕರ ಮುಂದಿಡಿ. ಪ್ರಯಾಣಿಸಿದವರ ನೆನಪು ಬದಲಾಗದು ಎಂಬ ನಿಮ್ಮ ನಿಯಮ ಅದರಲ್ಲಿಯೇ ಬಂದುಹೋಗಲಿ: ನಾಯಕಿ ಕೆಲವೇ ನಿಮಿಷ ಹಿಂದಕ್ಕೆ ಹೋಗಿ ಒಂದು ಸಣ್ಣ ವಸ್ತುವನ್ನು ಸರಿಸಿ ಬರಲಿ, ಸಹಾಯಕನಿಗೆ ಅದು ಮೊದಲಿನಿಂದಲೂ ಅಲ್ಲೇ ಇತ್ತು ಎಂದೇ ನೆನಪಿರಲಿ. ಆಕೆ ಗೆಲುವಿನಿಂದ ನಗುತ್ತಾಳೆ. ಆ ನಿಯಮ ಮುಂದೆ ತನ್ನನ್ನೇ ಸುಡಲಿದೆಯೆಂದು ಆಕೆಗೂ ಗೊತ್ತಿಲ್ಲ, ಪ್ರೇಕ್ಷಕನಿಗೂ ಗೊತ್ತಿಲ್ಲ.

ಇನ್ನು ಬರೆಯುವ ಕ್ರಮದ ಬಗ್ಗೆ ಒಂದು ಮಾತು. ಮುಂದಿನ ಕರಡಿಗೆ ಕೈಹಾಕುವ ಮುನ್ನ ಮೂರು ಪಟ್ಟಿಗಳನ್ನು ಮಾಡಿಕೊಳ್ಳಿ: ಘಟನೆಗಳನ್ನು ತಾರೀಖಿನ ಕ್ರಮದಲ್ಲಿ ಒಂದು, ನಾಯಕಿ ಅನುಭವಿಸಿದ ಕ್ರಮದಲ್ಲಿ ಇನ್ನೊಂದು, ಪರದೆಯ ಮೇಲೆ ಕಾಣುವ ಕ್ರಮದಲ್ಲಿ ಮತ್ತೊಂದು. ಎರಡನೆಯ ಪಟ್ಟಿಯಲ್ಲಿ ಪ್ರತಿ ದೃಶ್ಯದ ಎದುರು ಆ ಹೊತ್ತಿಗೆ ಆಕೆಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಬರೆಯಿರಿ. ನನ್ನ ಅನುಭವದಲ್ಲಿ ಗೊಂದಲದ ಹೆಚ್ಚಿನ ಭಾಗ ಸಿದ್ಧಾಂತದಿಂದ ಬರುವುದಿಲ್ಲ. ಪಾತ್ರಕ್ಕೆ ಇನ್ನೂ ತಿಳಿದಿರಬಾರದ ಸಂಗತಿಯನ್ನು ಆಕೆ ಆಡಿಬಿಡುವುದರಿಂದ, ಮೈಮೇಲಿನ ಗಾಯವೋ ಬಟ್ಟೆಯೋ ತಪ್ಪು ದೃಶ್ಯದಲ್ಲಿ ಕಾಣಿಸಿಕೊಳ್ಳುವುದರಿಂದ ಬರುತ್ತದೆ. ಚಿತ್ರೀಕರಣದಲ್ಲಿ ಕಂಟಿನ್ಯುಟಿ ನೋಡಿಕೊಳ್ಳುವವರಿಗೂ ಕಲಾ ವಿಭಾಗಕ್ಕೂ ಈ ಎರಡನೆಯ ಪಟ್ಟಿಯೇ ಕೈಪಿಡಿ, ಆದ್ದರಿಂದ ಅದನ್ನು ಚಿತ್ರಕಥೆಯ ಜೊತೆಗೇ ಕೊಡಿ. ಮೂರನೆಯ ಪಟ್ಟಿಯನ್ನು ಸಂಕಲನಕಾರರೊಡನೆ ಈಗಲೇ ಕುಳಿತು ಚರ್ಚಿಸಿ. ಅಪಘಾತವನ್ನು ಪ್ರೇಕ್ಷಕ ಮೊದಲ ಬಾರಿ ಎಲ್ಲಿ ನೋಡಬೇಕು, ಎಷ್ಟು ನೋಡಬೇಕು ಎಂಬುದನ್ನು ಚಿತ್ರೀಕರಣಕ್ಕೆ ಮೊದಲು ತೀರ್ಮಾನಿಸದಿದ್ದರೆ ಸೇತುವೆಯ ದೃಶ್ಯಕ್ಕೆ ಬೇಕಾದ ಶಾಟ್‌ಗಳು ಆಮೇಲೆ ಸಿಗುವುದಿಲ್ಲ.